ಮಹಾನಗರದಲ್ಲಿ ಕಡಿಮೆ ಖರ್ಚಿನ, ಜನ ಹೆಚ್ಚು ಹೋಗದ ಜಾಗಗಳು: ನಾನು ಹುಡುಕುವ ಕ್ರಮ

ಹೊಸ ಊರಿಗೆ ಹೊರಡುವಾಗ ‘ನೋಡಲೇಬೇಕಾದ ಹತ್ತು ಜಾಗಗಳು’ ಎಂಬಂಥ ಪಟ್ಟಿಗಳನ್ನು ನಾನು ಕೊನೆಗೆ ತೆರೆಯುತ್ತೇನೆ. ಅವು ಪ್ರವಾಸಿಗರಿಗೆಂದೇ ಬರೆದವು. ಅಗ್ಗದ, ಅಪರೂಪದ ಸಂಗತಿಗಳು ಸಿಗುವುದು ಆ ಊರಿನವರು ತಮಗಾಗಿ ಮಾಡಿಕೊಂಡ ಕ್ಯಾಲೆಂಡರುಗಳಲ್ಲಿ: ಸಂಗೀತ ಶಾಲೆಯ ಕಾರ್ಯಕ್ರಮ ಪಟ್ಟಿ, ವಿಶ್ವವಿದ್ಯಾಲಯದ ಉಪನ್ಯಾಸಗಳು, ಗ್ರಂಥಾಲಯದ ಪ್ರದರ್ಶನಗಳು, ನ್ಯಾಯಾಲಯದ ಕಲಾಪ. ಹೊರಡಲು ಮೂರು ವಾರ ಇರುವಾಗ ಈ ಕೆಲಸ ಶುರು ಮಾಡಿದರೆ ಸಾಕು. ಅದಕ್ಕಿಂತ ತಡವಾದರೆ ಮುಂಗಡ ನೋಂದಣಿ ಬೇಕಾದವು ಕೈತಪ್ಪುತ್ತವೆ.

ಮೊದಲ ಹೆಜ್ಜೆ ಭಾಷೆಯದು. ‘ಪ್ರವೇಶ ಉಚಿತ’, ‘ಮಧ್ಯಾಹ್ನದ ಸಂಗೀತ ಕಛೇರಿ’, ‘ಪದವಿ ಪ್ರದರ್ಶನ’ (ಪದವಿ ಮುಗಿಸುವ ಕಲಾ ವಿದ್ಯಾರ್ಥಿಗಳ ಕೃತಿಗಳದ್ದು), ‘ಸಾರ್ವಜನಿಕ ಉಪನ್ಯಾಸ’ ಎಂಬ ನಾಲ್ಕೈದು ಪದಗುಚ್ಛಗಳನ್ನು ಅನುವಾದದ ಆ್ಯಪಿನಲ್ಲಿ ಆ ಊರಿನ ಭಾಷೆಗೆ ತಿರುಗಿಸಿ ಒಂದು ಕಡೆ ಬರೆದಿಟ್ಟುಕೊಳ್ಳುತ್ತೇನೆ. ಹುಡುಕುವಾಗ ಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ‘ಸೈಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೋಲನ್ ಹಾಕಿ, ನಡುವೆ ಜಾಗ ಬಿಡದೆ ಸಂಸ್ಥೆಯ ವೆಬ್ ವಿಳಾಸ ಕೊಡಬೇಕು. ಆಗ ಆ ಸಂಸ್ಥೆಯ ಪುಟಗಳು ಮಾತ್ರ ಬರುತ್ತವೆ. ಬರೀ ಇಂಗ್ಲಿಷಿನಲ್ಲಿ ಹುಡುಕಿದರೆ ಟಿಕೆಟ್ ಮಾರುವ ಕಂಪನಿಗಳ ಪುಟಗಳೇ ಮೇಲೆ ಬಂದು ಕೂರುತ್ತವೆ. ಫಲಿತಾಂಶಗಳನ್ನು ಕಳೆದ ಒಂದು ವರ್ಷಕ್ಕೆ ಸೀಮಿತಗೊಳಿಸುವುದನ್ನೂ ಮರೆಯಬಾರದು.

ಎರಡನೆಯದು ನಕ್ಷೆ. ಸ್ವಯಂಸೇವಕರು 2004ರಿಂದ ಕಟ್ಟುತ್ತ ಬಂದಿರುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಜಾಗಕ್ಕೂ ಅದು ಏನು, ಶುಲ್ಕವಿದೆಯೇ ಎಂಬಂಥ ಗುರುತುಗಳ ಪಟ್ಟಿ ಇರುತ್ತದೆ. ಅದನ್ನು ಜಾಲಾಡಲು ಓವರ್‌ಪಾಸ್ ಟರ್ಬೊ ಎಂಬ ಉಚಿತ ತಾಣವಿದೆ. ಅಲ್ಲಿ ಊರಿನ ಒಂದು ಭಾಗವನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ, ‘ವಿಝರ್ಡ್’ ಒತ್ತಿ, ‘ಟೂರಿಸಂ=ಮ್ಯೂಸಿಯಂ ಆ್ಯಂಡ್ ಫೀ=ನೋ’ ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿದರೆ ದುಡ್ಡು ಕೇಳದ ಮ್ಯೂಸಿಯಂಗಳೆಲ್ಲ ಚುಕ್ಕಿಗಳಾಗಿ ಬರುತ್ತವೆ. ಇಡೀ ಮಹಾನಗರವನ್ನು ಒಂದೇ ಸಲ ಕೇಳಿದರೆ ಉತ್ತರ ಬರುವ ಮೊದಲೇ ಸಮಯ ಮೀರಬಹುದು, ಅದಕ್ಕೇ ಭಾಗ ಭಾಗವಾಗಿ ಕೇಳುವುದು. ಇನ್ನೊಂದು ತೊಡಕೂ ಇದೆ: ಉಚಿತವಾಗಿದ್ದರೂ ‘ಫೀ’ ಗುರುತು ಹಾಕದೆ ಬಿಟ್ಟ ಜಾಗಗಳು ಬಹಳ. ಹಾಗಾಗಿ ಶುಲ್ಕದ ಷರತ್ತು ತೆಗೆದು ಮತ್ತೊಮ್ಮೆ ಕೇಳಿ, ಹೆಸರೇ ಕೇಳಿರದ ಮ್ಯೂಸಿಯಂಗಳನ್ನು ಒಂದೊಂದಾಗಿ ನೋಡುತ್ತೇನೆ. ನಿಜವಾದ ರುಚಿ ಇರುವುದು ಅಲ್ಲೇ. ಇದೇ ರೀತಿ ‘ಟೂರಿಸಂ=ವ್ಯೂಪಾಯಿಂಟ್’ ಎಂದರೆ ಎತ್ತರದ ನೋಟದ ಜಾಗಗಳು, ‘ಅಮೆನಿಟಿ=ಡ್ರಿಂಕಿಂಗ್_ವಾಟರ್’ ಎಂದರೆ ಕುಡಿಯುವ ನೀರಿನ ನಲ್ಲಿಗಳು ಸಿಗುತ್ತವೆ. ಬಂದದ್ದನ್ನು ನಕ್ಷೆಯ ಗುರುತುಗಳನ್ನು ಉಳಿಸಿಡುವ ಕೆಎಂಎಲ್ ಎಂಬ ಬಗೆಯ ಕಡತವಾಗಿ ಇಳಿಸಿ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪಿಗೆ ಸೇರಿಸಿದರೆ ಇಂಟರ್ನೆಟ್ ಇಲ್ಲದೆಯೂ ಕೆಲಸಕ್ಕೆ ಬರುತ್ತದೆ.

ಹೀಗೆ ಹುಡುಕಿದಾಗ ಸಿಗುವವು ಎಂಥವು? ಟೋಕಿಯೋದ ಮೆಗುರೊದಲ್ಲಿ 1953ರಲ್ಲಿ ಶುರುವಾದ ಪರಾವಲಂಬಿ ಹುಳುಗಳ ಮ್ಯೂಸಿಯಂ ಇದೆ. ಟಿಕೆಟ್ ಇಲ್ಲ, ದೇಣಿಗೆ ಪೆಟ್ಟಿಗೆ ಮಾತ್ರ. ಅದೇ ಊರಿನ ಮಹಾನಗರ ಆಡಳಿತ ಕಟ್ಟಡದ 45ನೇ ಮಹಡಿಯಲ್ಲಿ, 202 ಮೀಟರ್ ಎತ್ತರದಲ್ಲಿ, ವೀಕ್ಷಣಾ ಕೊಠಡಿಗೆ ಶುಲ್ಕವಿಲ್ಲ. ಚಳಿಗಾಲದ ತಿಳಿ ಬೆಳಗಿನಲ್ಲಿ ಫ್ಯೂಜಿ ಪರ್ವತವೂ ಕಾಣುತ್ತದೆ. ದೆಹಲಿಯಲ್ಲಿ ಶೌಚಾಲಯಗಳ ಇತಿಹಾಸಕ್ಕೇ ಮೀಸಲಾದ ಸುಲಭ್ ಮ್ಯೂಸಿಯಂ ಇದೆ. ಲಂಡನ್ನಿನಲ್ಲಿ ವಾಸ್ತುಶಿಲ್ಪಿ ಜಾನ್ ಸೋನ್ ಅವರ ಮನೆಯನ್ನು ಅವರ ಕಾಲದಲ್ಲಿದ್ದಂತೆಯೇ ಉಳಿಸಿಕೊಂಡಿದ್ದಾರೆ. ಆ್ಯಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಹೆಬೌ ಸಭಾಂಗಣದಲ್ಲಿ ಸೀಸನ್ನಿನ ಬಹುಪಾಲು ಬುಧವಾರಗಳಂದು ಮಧ್ಯಾಹ್ನ ಪುಟ್ಟ ಉಚಿತ ಕಛೇರಿ ನಡೆಯುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ನೋಡಲು ಟಿಕೆಟ್ ಬೇಕು, ಸಂಜೆಯ ಹಾಡಿನ ಪ್ರಾರ್ಥನೆಗೆ ಬೇಡ. ಆದರೆ ಆಗ ಕೂತು ಕೇಳಬೇಕಷ್ಟೆ, ಸುತ್ತಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ.

ಸಾರ್ವಜನಿಕ ಸಾರಿಗೆಯೇ ಅರ್ಧ ಪ್ರವಾಸ. ಬರ್ಲಿನ್ನಿನ 100ನೇ ನಂಬರಿನ ಬಸ್ಸು ಮೃಗಾಲಯದ ನಿಲ್ದಾಣದಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ವರೆಗೆ ಮಾಮೂಲಿ ಟಿಕೆಟ್ಟಿನಲ್ಲಿ ಪ್ರಮುಖ ಕಟ್ಟಡಗಳ ಮುಂದೆ ಹಾದುಹೋಗುತ್ತದೆ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ದೋಣಿ 1997ರಿಂದ ಉಚಿತ, ಒಂದು ಬದಿಗೆ ಸುಮಾರು 25 ನಿಮಿಷ, ರಾತ್ರಿಯೂ ಓಡುತ್ತದೆ. ಮ್ಯಾನ್‌ಹಟನ್ನಿನಿಂದ ಹೊರಡುವಾಗ ಬಲಬದಿಯಲ್ಲಿ ನಿಂತರೆ ಸ್ವಾತಂತ್ರ್ಯದೇವಿಯ ಪ್ರತಿಮೆ ಕಾಣುತ್ತದೆ. ಆಚೆ ದಡದಲ್ಲಿ ಎಲ್ಲರೂ ಇಳಿದು ಮತ್ತೆ ಹತ್ತಬೇಕು, ದೋಣಿಯಲ್ಲೇ ಕೂತಿರಲು ಬಿಡುವುದಿಲ್ಲ. ನಿಲ್ದಾಣದ ಹೊರಗೆ ಇದಕ್ಕೆ ‘ಟಿಕೆಟ್’ ಮಾರಲು ಬಂದವರಿಗೆ ಕಿವಿಗೊಡಬಾರದು.

ದಿನದ ಪಾಸಿನ ಲೆಕ್ಕ ಸರಳ: ಪಾಸಿನ ಬೆಲೆಯನ್ನು ಒಂದು ಸಲದ ಟಿಕೆಟ್ ಬೆಲೆಯಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಹೆಚ್ಚು ಸಲ ಹತ್ತಿ ಇಳಿಯುವುದಿದ್ದರೆ ಮಾತ್ರ ಕೊಳ್ಳಿ. ಲಂಡನ್ನಿನಂಥ ಕಡೆ ಪಾಸೇ ಬೇಕಿಲ್ಲ, ಬ್ಯಾಂಕ್ ಕಾರ್ಡ್ ತಾಗಿಸುತ್ತ ಹೋದರೆ ದಿನದ ಮಿತಿ ಮುಟ್ಟಿದ ಮೇಲೆ ಹೆಚ್ಚು ಕಡಿತವಾಗುವುದಿಲ್ಲ. ಎಡವಟ್ಟಾಗುವುದು ಇಲ್ಲಿ: ಬೆಳಿಗ್ಗೆ ಕಾರ್ಡ್, ಸಂಜೆ ಅದೇ ಕಾರ್ಡ್ ಇರುವ ಫೋನ್ ತಾಗಿಸಿದರೆ ವ್ಯವಸ್ಥೆ ಅವನ್ನು ಇಬ್ಬರು ಪ್ರಯಾಣಿಕರೆಂದೇ ಎಣಿಸುತ್ತದೆ, ಮಿತಿಯ ಲಾಭ ಕೈಬಿಡುತ್ತದೆ. ದಿನವಿಡೀ ಒಂದನ್ನೇ ಬಳಸಬೇಕು. ಇನ್ನು ಪ್ರವಾಸಿ ಕಾರ್ಡುಗಳು, ಅಂದರೆ ಹತ್ತಾರು ಜಾಗಗಳ ಪ್ರವೇಶ ಸೇರಿಸಿ ಮಾರುವವು: ನನ್ನ ಪಟ್ಟಿಯಲ್ಲಿ ಮೊದಲೇ ಇದ್ದ ಜಾಗಗಳ ಬೆಲೆಯನ್ನಷ್ಟೇ ಕೂಡುತ್ತೇನೆ. ಹಾಗೆ ಕೂಡಿದರೆ ಅವು ಲಾಭ ಕೊಡುವುದು ಅಪರೂಪ.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಹಳಸಿದ ಮಾಹಿತಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ‘ಇಷ್ಟ ಬಂದಷ್ಟು ಕೊಡಿ’ ಎಂಬ ಪದ್ಧತಿ 2018ರ ಮಾರ್ಚಿನಿಂದ ಹೊರಗಿನ ವಯಸ್ಕ ಪ್ರವಾಸಿಗರಿಗೆ ಇಲ್ಲ, ಆ ರಾಜ್ಯದ ನಿವಾಸಿಗಳಿಗೆ ಮತ್ತು ಅಕ್ಕಪಕ್ಕದ ಕೆಲವು ವಿದ್ಯಾರ್ಥಿಗಳಿಗೆ ಮಾತ್ರ. ಬಾರ್ಸಿಲೋನಾದ ಪಾರ್ಕ್ ಗುಯೆಲ್‌ನ ಮುಖ್ಯ ಭಾಗಕ್ಕೆ 2013ರಲ್ಲಿ ಟಿಕೆಟ್ ಬಂತು. ಇಸ್ತಾಂಬುಲಿನ ಹಾಗಿಯಾ ಸೋಫಿಯಾದಲ್ಲಿ 2024ರ ಜನವರಿಯಿಂದ ವಿದೇಶಿ ಪ್ರವಾಸಿಗರು ಹಣ ಕೊಡಬೇಕು. ಟೋಕಿಯೋದ ತ್ಸುಕಿಜಿ ಸಗಟು ಮೀನು ಮಾರುಕಟ್ಟೆ 2018ರ ಅಕ್ಟೋಬರಿನಲ್ಲಿ ತೊಯೊಸುಗೆ ಹೋಯಿತು. ಆದರೂ ‘ಉಚಿತ’ ಪಟ್ಟಿಗಳಲ್ಲಿ ಇವೆಲ್ಲ ಹಳೆಯ ರೂಪದಲ್ಲೇ ತಿರುಗುತ್ತಿರುತ್ತವೆ, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿರುತ್ತಾರೆ. ಆದ್ದರಿಂದ ಪಟ್ಟಿಗೆ ಸೇರಿದ ಪ್ರತಿ ಜಾಗಕ್ಕೂ ಅದರ ಸ್ವಂತ ವೆಬ್‌ಸೈಟ್ ತೆರೆದು ಐದು ಸಂಗತಿ ಬರೆದುಕೊಳ್ಳುತ್ತೇನೆ: ಶುಲ್ಕ ಯಾರಿಗೆ ಇಲ್ಲ, ವಾರದ ರಜೆ, ಕೊನೆಯ ಪ್ರವೇಶದ ಸಮಯ, ಮುಂಗಡ ನೋಂದಣಿ ಬೇಕೆ, ಚೀಲ ಮತ್ತು ಫೋನಿನ ನಿಯಮ. ಮುಚ್ಚುವ ಸಮಯಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲೇ ಒಳಗೆ ಬಿಡುವುದು ನಿಲ್ಲಿಸುವುದು ಮ್ಯೂಸಿಯಂಗಳ ಸಾಮಾನ್ಯ ರೂಢಿ.

ವಾರದ ರಜೆ ಊರಿಂದೂರಿಗೆ ಬೇರೆ. ಬಹಳ ಕಡೆ ಸೋಮವಾರ. ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ. ಸೋನ್ ಮನೆಗೂ ಮೆಗುರೊದ ಮ್ಯೂಸಿಯಂಗೂ ಸೋಮವಾರ, ಮಂಗಳವಾರ ಎರಡೂ. ಹಾಗಾಗಿ ಸೋಮವಾರಕ್ಕೆ ದೋಣಿ, ಬಸ್ಸು, ಉದ್ಯಾನ, ಹಳೆಯ ಸ್ಮಶಾನ, ನ್ಯಾಯಾಲಯಗಳನ್ನು ಎತ್ತಿಡುವುದು ಜಾಣತನ. ದಿನಾಂಕ ಬದಲಿಸಲು ಸಾಧ್ಯವಿದ್ದರೆ ಸೆಪ್ಟೆಂಬರ್ ನೋಡಿ. 1992ರಲ್ಲಿ ಶುರುವಾದ ಲಂಡನ್ನಿನ ಓಪನ್ ಹೌಸ್ ಆಗಲೇ ನಡೆಯುತ್ತದೆ, ಫ್ರಾನ್ಸಿನಲ್ಲಿ ಆ ತಿಂಗಳ ಮೂರನೇ ವಾರಾಂತ್ಯ ಪರಂಪರೆಯ ದಿನಗಳು. ವರ್ಷವಿಡೀ ಬಾಗಿಲು ಹಾಕಿರುವ ಎಷ್ಟೋ ಕಟ್ಟಡಗಳು ಆಗ ತೆರೆದಿರುತ್ತವೆ.

ನ್ಯಾಯಾಲಯ ಎಂದಾಗ ಎಚ್ಚರ ಬೇಕು. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಸಾರ್ವಜನಿಕರ ಗ್ಯಾಲರಿಗೆ ದುಡ್ಡಿಲ್ಲ, ಆದರೆ ಫೋನು, ಕ್ಯಾಮೆರಾ, ದೊಡ್ಡ ಚೀಲ ಒಳಗೆ ಒಯ್ಯುವಂತಿಲ್ಲ, ಅಲ್ಲಿ ಇಟ್ಟುಕೊಳ್ಳುವವರೂ ಇಲ್ಲ. ಬರಿಗೈಯಲ್ಲಿ ಹೋಗಬೇಕು, ವಿಳಾಸ ಕಾಗದದ ಮೇಲಿರಬೇಕು. 14 ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಬರ್ಲಿನ್ನಿನ ಸಂಸತ್ ಭವನದ ಗಾಜಿನ ಗುಮ್ಮಟಕ್ಕೆ ಹೆಸರು, ಹುಟ್ಟಿದ ದಿನಾಂಕ ಕೊಟ್ಟು ಮೊದಲೇ ನೋಂದಾಯಿಸಬೇಕು, ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೋದರೆ ನೋಂದಣಿಯೂ ವ್ಯರ್ಥ. ಥೇಮ್ಸ್ ನದಿಯ ನೀರಿಳಿದಾಗ ಕೆಸರಿನಲ್ಲಿ ಹಳೆಯ ವಸ್ತು ಹುಡುಕುವುದು ಈಗ ಬಹಳ ಜನಪ್ರಿಯ, ಆದರೆ ಬರೀ ಕಣ್ಣಿನಿಂದ ಹುಡುಕಲೂ ಬಂದರು ಪ್ರಾಧಿಕಾರದ ಪರವಾನಗಿ ಬೇಕು.

ದಿನಕ್ಕೆ ಸಮಯ ನಿಗದಿಯಾದದ್ದು ಒಂದು, ಹೆಚ್ಚೆಂದರೆ ಎರಡು. ಉಳಿದದ್ದೆಲ್ಲ ಅದರ ಸುತ್ತ ಎರಡು ಕಿಲೋಮೀಟರಿನೊಳಗೆ, ಯಾವ ಕ್ರಮದಲ್ಲಾದರೂ ನೋಡಬಹುದಾದವು. ಮಳೆ ಬಂದರೆ ಹೋಗಲು ಪ್ರತಿ ಬಡಾವಣೆಗೂ ಒಂದು ಗ್ರಂಥಾಲಯ ಗುರುತಿಸಿಡುತ್ತೇನೆ; ಕೂರಲು ಜಾಗ, ಶೌಚಾಲಯ, ಹಲವು ಕಡೆ ವೈಫೈ, ಜೊತೆಗೆ ಆ ವಾರದ ಊರಿನ ಕಾರ್ಯಕ್ರಮಗಳ ಚೀಟಿಗಳು ಅಲ್ಲೇ ಇರುತ್ತವೆ.

‘ಉಚಿತ’ ಕಾಲ್ನಡಿಗೆ ಪ್ರವಾಸಗಳು ಉಚಿತವಲ್ಲ, ಕೊನೆಗೆ ಭಕ್ಷೀಸು ಕೊಡಬೇಕು. ಎಷ್ಟೋ ಕಡೆ ಬಂದವರ ತಲೆ ಎಣಿಸಿ ಗೈಡೇ ಕಂಪನಿಗೆ ಹಣ ಕಟ್ಟಬೇಕಾಗುತ್ತದೆ, ಆದ್ದರಿಂದ ಏನೂ ಕೊಡದೆ ಜಾರಿಕೊಳ್ಳುವುದು ಅವರ ಜೇಬಿಗೇ ಕೈ ಹಾಕಿದ ಹಾಗೆ. ನನಗೆ ಹೆಚ್ಚು ಹಿಡಿಸಿದ್ದು ಗ್ರೀಟರ್ ವ್ಯವಸ್ಥೆ. 1992ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ಈಗ ಹಲವು ದೇಶಗಳ ಊರುಗಳಿಗೆ ಹಬ್ಬಿದೆ. ಅಲ್ಲಿನ ನಿವಾಸಿಯೊಬ್ಬರು ಹಣ ಪಡೆಯದೆ ತಮ್ಮ ಬಡಾವಣೆ ತೋರಿಸುತ್ತಾರೆ, ಗುಂಪು ಚಿಕ್ಕದು. ಎರಡು ಮೂರು ವಾರ ಮೊದಲೇ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ‘ಊರು ನೋಡಬೇಕು’ ಎಂದು ಬರೆದರೆ ಯಾರನ್ನು ಕಳಿಸಬೇಕೆಂದು ಅವರಿಗೂ ತಿಳಿಯುವುದಿಲ್ಲ. ‘ಹಳೆಯ ಅಚ್ಚುಕೂಟಗಳಿದ್ದ ಬೀದಿಗಳು’, ‘ಕಾರ್ಮಿಕರ ವಸತಿ ಕಟ್ಟಡಗಳು’ ಎಂದು ಖಚಿತವಾಗಿ ಬರೆಯಿರಿ. ಗೊತ್ತಿರುವ ಭಾಷೆಗಳು, ಎಷ್ಟು ದೂರ ನಡೆಯಬಲ್ಲಿರಿ, ಒಂದಕ್ಕೆ ಬದಲು ಎರಡು ದಿನಾಂಕಗಳು, ಇಷ್ಟನ್ನೂ ಸೇರಿಸಿ.