ಅಶ್ವಗಂಧದ ಬೇರಿನಲ್ಲಿ ವಿಥನೊಲೈಡ್ ಅಳೆಯುವುದು: ನನ್ನ ಅನುಭವ

ಅಶ್ವಗಂಧದ ಬೇರಿನ ತುಂಬ ಪಿಷ್ಟ. ನಾವು ಹುಡುಕುವ ವಿಥನೊಲೈಡ್‌ಗಳು (ಈ ಗಿಡದ ವಿಶಿಷ್ಟವಾದ ಸ್ಟೀರಾಯ್ಡ್ ಬಗೆಯ ಸಂಯುಕ್ತಗಳು) ಬಹಳ ಕಡಿಮೆ. ಪುಡಿಯನ್ನು ನೀರಿನಲ್ಲಿ ಕುದಿಸಿದರೆ ಗಂಜಿಯಂತಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮೆಥನಾಲ್‌ನಲ್ಲಿ ಪಿಷ್ಟ ಕರಗದು, ಹಾಗಾಗಿ ನಾನು ಅದನ್ನೇ ಬಳಸುತ್ತೇನೆ.

ತೊಳೆದ ಬೇರನ್ನು 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ಒಣಗಿಸಿ, ಪುಡಿ ಮಾಡಿ, 40 ಮೆಶ್ (ಇಂಚಿಗೆ 40 ಕಣ್ಣಿನ) ಜರಡಿ ಹಿಡಿಯುತ್ತೇನೆ. ಮೇಲೆ ಉಳಿದ ನಾರನ್ನು ಎಸೆಯಬಾರದು. ಅದನ್ನೂ ಅರೆದು ಬೆರೆಸದಿದ್ದರೆ ತೂಗಿದ ಪುಡಿ ಇಡೀ ಬೇರನ್ನು ಪ್ರತಿನಿಧಿಸುವುದಿಲ್ಲ. ಇದೇ ಪುಡಿಯ ಒಂದು ಭಾಗವನ್ನು 105 ಡಿಗ್ರಿಯಲ್ಲಿಟ್ಟು ತೇವಾಂಶ ನೋಡುತ್ತೇನೆ. ತೇವ ಶೇ. 10 ಇದ್ದರೆ, ಬಂದ ಫಲಿತಾಂಶವನ್ನು 0.9ರಿಂದ ಭಾಗಿಸಬೇಕು.

2 ಗ್ರಾಂ ಪುಡಿಗೆ 15 ಮಿ.ಲೀ. ಮೆಥನಾಲ್ ಹಾಕಿ ಸೋನಿಕೇಟರ್‌ನಲ್ಲಿ (ಶ್ರವಣಾತೀತ ಧ್ವನಿಯಿಂದ ಅಲುಗಿಸುವ ನೀರಿನ ತೊಟ್ಟಿ) 20 ನಿಮಿಷ. ಹೀಗೆ ಮೂರು ಸಲ. ಸೋಸಿದ ದ್ರಾವಣಗಳನ್ನು ಒಟ್ಟುಗೂಡಿಸಿ 50 ಮಿ.ಲೀ.ಗೆ ತರುತ್ತೇನೆ. ಸೋನಿಕೇಟರ್‌ನ ನೀರು ಬಿಸಿಯಾಗುತ್ತ ಹೋಗುತ್ತದೆ, ನಡುನಡುವೆ ಐಸ್ ಹಾಕಬೇಕು. ನಾಲ್ಕನೆಯ ಸಲವೂ ಸೋಸಿ ಬೇರೆಯಾಗಿ ಎಚ್‌ಪಿಎಲ್‌ಸಿಗೆ (ದ್ರಾವಣದ ಸಂಯುಕ್ತಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಅಳೆಯುವ ಯಂತ್ರ) ಇಂಜೆಕ್ಟ್ ಮಾಡಿ: ಅದರ ನಕ್ಷೆಯಲ್ಲಿ ವಿಥನೊಲೈಡ್‌ನ ಪೀಕ್ (ಸಂಯುಕ್ತವನ್ನು ತೋರಿಸುವ ಏರು) ಕಂಡರೆ ಮೂರು ಸಲ ಸಾಲಲಿಲ್ಲ ಎಂದರ್ಥ.

ಎಚ್‌ಪಿಎಲ್‌ಸಿಗೆ ಸಿ18 (18 ಇಂಗಾಲದ ಸರಪಳಿ ಅಂಟಿಸಿದ ಸಿಲಿಕಾ ತುಂಬಿದ) ಕಾಲಂ, 250 × 4.6 ಮಿ.ಮೀ., 5 ಮೈಕ್ರಾನ್. ಬಫರ್‌ಗೆ ಲೀಟರ್ ನೀರಿಗೆ 0.136 ಗ್ರಾಂ ಪೊಟ್ಯಾಶಿಯಂ ಡೈಹೈಡ್ರೋಜನ್ ಫಾಸ್ಫೇಟ್, 0.5 ಮಿ.ಲೀ. ಫಾಸ್ಫಾರಿಕ್ ಆಮ್ಲ. ಬಫರ್‌ನ ಜೊತೆ ಹರಿಸುವ ದ್ರಾವಕ ಅಸಿಟೋನೈಟ್ರೈಲ್ ಶೇ. 5ರಿಂದ ಆರಂಭಿಸಿ 18 ನಿಮಿಷದಲ್ಲಿ ಶೇ. 45ಕ್ಕೆ, 25ನೆಯ ನಿಮಿಷಕ್ಕೆ ಶೇ. 80ಕ್ಕೆ. ಡಿಟೆಕ್ಟರ್ 227 ನ್ಯಾನೊಮೀಟರ್‌ನಲ್ಲಿ.

ನಿಜವಾದ ಕಷ್ಟ ಪೀಕಿಗೆ ಹೆಸರಿಡುವಾಗ. ವಿಥಾಫೆರಿನ್ ಎ, ವಿಥನೊಲೈಡ್ ಎ, ವಿಥನೋನ್ ಎಂಬ ಮೂರು ವಿಥನೊಲೈಡ್‌ಗಳ ಸೂತ್ರವೂ ಒಂದೇ: C28H38O6. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲೂ ಮೂರೂ 471 (ಅಣುತೂಕ 470, ಜೊತೆಗೊಂದು ಪ್ರೋಟಾನ್) ಎಂದೇ ಕಾಣುತ್ತವೆ, ಆದ್ದರಿಂದ ಆ ಅಂಕಿಯನ್ನೇ ನಂಬಿ ಹೆಸರು ಬರೆಯುವಂತಿಲ್ಲ. ಸ್ಟ್ಯಾಂಡರ್ಡನ್ನು (ಗುರುತು ಖಚಿತವಿರುವ ಶುದ್ಧ ಸಂಯುಕ್ತ) ಮಾದರಿಗೇ ಬೆರೆಸಿ ಮತ್ತೆ ಓಡಿಸುತ್ತೇನೆ. ಪೀಕ್ ಒಂದೇ ಆಗಿ ಬೆಳೆದರೆ ಸರಿ; ಪಕ್ಕದಲ್ಲಿ ಭುಜ ಮೂಡಿದರೆ ಅದು ಬೇರೊಂದು ಸಂಯುಕ್ತ.

ವಿಥಾಫೆರಿನ್ ಎ ಎಲೆಯಲ್ಲಿ ಹೇರಳ. ಬೇರಿನ ಪುಡಿಯಲ್ಲಿ ಅದು ವಿಥನೊಲೈಡ್ ಎಗಿಂತ ಅತಿಯಾಗಿ ಕಂಡರೆ ನಾನು ಖುಷಿಪಡುವುದಿಲ್ಲ, ಎಲೆ ಬೆರೆತಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಪತ್ರರಂಧ್ರ (ಎಲೆಯ ಮೇಲಿನ ಸಣ್ಣ ರಂಧ್ರ, ಬೇರಿನಲ್ಲಿರದು) ಹುಡುಕುತ್ತೇನೆ. ಒಟ್ಟು ವಿಥನೊಲೈಡ್ ಎಂದು ತೂಕದ ವಿಧಾನದಲ್ಲಿ ಕೊಡುವ ಅಂಕಿಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ, ಜೊತೆಗೆ ಬಂದ ಬೇರೆ ಪದಾರ್ಥಗಳೂ ಲೆಕ್ಕಕ್ಕೆ ಸೇರುತ್ತವೆ.

ಕೆಲಸ ಮುಗಿದ ಮೇಲೆ ಕಾಲಂಗೆ ನೇರವಾಗಿ ಶುದ್ಧ ಅಸಿಟೋನೈಟ್ರೈಲ್ ಬಿಡಬೇಡಿ, ಫಾಸ್ಫೇಟ್ ಒಳಗೇ ಹರಳುಗಟ್ಟಬಹುದು. ಮೊದಲು ಶೇ. 90 ನೀರಿರುವ ಮಿಶ್ರಣ, ಆಮೇಲೆ ಅಸಿಟೋನೈಟ್ರೈಲ್.