ಆಬ್ಸಿಂತ್ ಗ್ಲಾಸ್ ಆರಿಸೋದು, ಬಳಸೋದು ಹೇಗೆ

ಆಬ್ಸಿಂತ್ ಅಂದ್ರೆ ಸೋಂಪಿನ ಘಮ ಇರೋ ಹಸಿರು ಬಣ್ಣದ ಸ್ಟ್ರಾಂಗ್ ಮದ್ಯ, ಅದನ್ನ ಯಾವ ಗ್ಲಾಸಲ್ಲಿ ಹಾಕಿದ್ರೂ ಕುಡೀಬಹುದು, ಆದ್ರೆ ಹಳೇ ಫ್ರೆಂಚ್ ಕೆಫೆಗಳಲ್ಲಿ ಇಡ್ತಿದ್ದ ಗ್ಲಾಸ್ ಒಂದ್ಸಲ ಕೈಗೆ ಬಂದ್ರೆ ಬೇರೇದು ಬೇಡ ಅನ್ಸುತ್ತೆ, ಯಾಕಂದ್ರೆ ಅಳತೆ ಅದರೊಳಗೇ ಇದೆ. ಪೊಂಟಾರ್ಲಿಯೇ ಅಂತ ಕರೆಯೋ ಗ್ಲಾಸ್ ನೋಡಿ, ಫ್ರಾನ್ಸಲ್ಲಿ ಆಬ್ಸಿಂತ್ ತಯಾರಿಕೆಗೆ ಹೆಸರಾಗಿದ್ದ ಊರಿನ ಹೆಸರೇ ಅದಕ್ಕೆ, ಕಾಲಿನ ಮೇಲೆ ಒಂದು ಪುಟ್ಟ ಗುಂಡು ಉಬ್ಬು, ಅದರ ಮೇಲೆ ಸಣ್ಣ ಸೊಂಟ, ಆಮೇಲೆ ಬಾಯಿ ಕಡೆ ಅಗಲ ಆಗ್ತಾ ಹೋಗುತ್ತೆ. ಉಬ್ಬು ತುಂಬೋವರೆಗೆ ಹಾಕಿ, ಹೆಚ್ಚುಕಮ್ಮಿ 30 ಎಂಎಲ್, ಅಷ್ಟೇ ಒಂದು ಡೋಸ್. ಕೆಲವು ಗ್ಲಾಸಲ್ಲಿ ಉಬ್ಬಿನ ಬದ್ಲು ಒಂದು ಗೆರೆ ಇರುತ್ತೆ, ಅದೂ ಪರವಾಗಿಲ್ಲ.

ಕೊಳ್ಳೋವಾಗ ನೋಡಬೇಕಾಗಿರೋದು ಬಾಯಿ ಮತ್ತೆ ದಪ್ಪ. ಸಕ್ಕರೆ ಇಡೋಕೆ ಬಳಸೋ ತೂತಿರೋ ಚಪ್ಪಟೆ ಚಮಚ ಬಾಯಿ ಮೇಲೆ ಅಡ್ಡ ಕೂರಬೇಕು, ಹಿಡಿ ಹತ್ರ ಒಂದು ಕಚ್ಚು ಇರುತ್ತಲ್ಲ ಅದು ಅಂಚಿಗೆ ಸಿಕ್ಕಿಕೊಳ್ಳೋದಕ್ಕೇ ಇರೋದು. ನಾನು ಮೊದ್ಲು ತೆಳ್ಳನೆ ವೈನ್ ಗ್ಲಾಸಲ್ಲಿ ಟ್ರೈ ಮಾಡಿ ಚಮಚ ಸಕ್ಕರೆ ಸಮೇತ ಒಳಗೆ ಬಿತ್ತು, ಟೇಬಲ್ ಎಲ್ಲಾ ಅಂಟಂಟು.

ಈಗ ಚಮಚದ ಮೇಲೆ ಒಂದು ಸಕ್ಕರೆ ಕ್ಯೂಬ್ ಇಟ್ಟು ಐಸ್‌ನಷ್ಟು ತಣ್ಣಗಿರೋ ನೀರನ್ನ ಹನಿಹನಿಯಾಗಿ ಬಿಡಿ, ನಲ್ಲಿಗಳಿರೋ ಗಾಜಿನ ಫೌಂಟನ್ ಇದ್ರೆ ಚೆಂದ, ಇಲ್ಲಾಂದ್ರೆ ಸಣ್ಣ ಮೂತಿ ಇರೋ ಜಗ್ ಸಾಕು. ಮೊದ್ಲು ಏನೂ ಆಗಲ್ಲ, ಸ್ವಲ್ಪ ಹೊತ್ತಿಗೆ ತಳದಲ್ಲಿ ಹೊಗೆ ಥರ ಎಳೆಗಳು ಸುತ್ತೋಕೆ ಶುರುವಾಗಿ ಹಸಿರು ಹೋಗಿ ಹಾಲಿನ ಬಣ್ಣ ತುಂಬ್ಕೊಳ್ಳುತ್ತೆ, ಇದನ್ನೇ ಲೂಶ್ ಅನ್ನೋದು. ಸೋಂಪಿನ ಎಣ್ಣೆಯಲ್ಲಿರೋ ಅನೆಥಾಲ್ ಆಲ್ಕೋಹಾಲಲ್ಲಿ ಕರಗುತ್ತೆ ನೀರಲ್ಲಿ ಕರಗಲ್ಲ, ಅದಕ್ಕೇ ಈ ಮಬ್ಬು. ಒಂದು ಪಾಲಿಗೆ ಮೂರರಿಂದ ಐದು ಪಾಲು ನೀರು, ಗ್ಲಾಸ್ ದೊಡ್ಡದಿರೋದು ಇದಕ್ಕೇ. ಬಣ್ಣದ ಗ್ಲಾಸ್ ತಗೋಬೇಡಿ, ನೋಡೋ ಮಜಾನೇ ಹೋಗುತ್ತೆ.

ಕೆಲವರು ಆಬ್ಸಿಂತಲ್ಲಿ ನೆನೆಸಿದ ಸಕ್ಕರೆಗೆ ಬೆಂಕಿ ಹಚ್ತಾರೆ, ಅದು ಹಳೇ ಪದ್ಧತಿ ಅಲ್ವೇ ಅಲ್ಲ, 1990ರ ದಶಕದಲ್ಲಿ ಚೆಕ್ ಬಾರ್‌ಗಳಿಂದ ಹಬ್ಬಿದ ಶೋಕಿ ಅದು. ಆ ಹಳೇ ಕೆಫೆಗಳ ಕಾಲ 1915ರಲ್ಲಿ ಫ್ರಾನ್ಸಲ್ಲಿ ಆಬ್ಸಿಂತ್ ನಿಷೇಧ ಆದಾಗ್ಲೇ ಮುಗಿದಿತ್ತು, ಲೆಕ್ಕ ಹಾಕ್ಕೊಳ್ಳಿ. ಮೇಲಾಗಿ ಸ್ಪಿರಿಟ್ ಹತ್ರ ಬೆಂಕಿ ಅಂದ್ರೆ ಗ್ಲಾಸ್ ಸೀಳೋದು, ಕೈ ಸುಡೋದು ಎರಡೂ ಆಗಬಹುದು.

ಮುಗಿದ ತಕ್ಷಣ ಬಿಸಿನೀರಲ್ಲಿ ತೊಳೀರಿ, ಎಣ್ಣೆ ಪದರ ಒಣಗಿದ್ರೆ ಗಾಜು ಮಂಕಾಗುತ್ತೆ, ಉಬ್ಬಿನ ಒಳಗೆ ಸ್ಪಂಜ್ ಹೋಗಲ್ಲ, ಬಾಟಲ್ ತೊಳೆಯೋ ಸಣ್ಣ ಬ್ರಷ್ ಇಟ್ಕೊಂಡಿರಿ.