ಬಿಸಿಲುನಾಡಿನಲ್ಲಿ ಲೈನ್ ಇಲ್ಲದ ಸೋಲಾರ್: ದುಡ್ಡು ಎಲ್ಲಿ ಹೋಗುತ್ತದೆ

ರಾಯಚೂರು, ಕಲಬುರಗಿ ಕಡೆ ಕರೆಂಟ್ ಲೈನ್ ತಲುಪದ ಹೊಲದ ಮನೆಗಳಿಗೆ ಸೋಲಾರ್ ಕೂಡಿಸುವಾಗ ನಾವು ಮೊದಲು ಲೆಕ್ಕ ಹಾಕುವುದು ಫ್ಯಾನಿನದು. ಮಾಮೂಲಿ ಫ್ಯಾನು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ (ಬ್ರಶ್ ಇಲ್ಲದ ಮೋಟರಿನ) ಫ್ಯಾನಿಗೆ 30 ಸಾಕು. ಮೂರು ಫ್ಯಾನು ದಿನಕ್ಕೆ 10 ತಾಸು ತಿರುಗಿದರೆ 2.25 ಯೂನಿಟ್ ಬದಲು 0.9. ಉಳಿಯುವ 1.35 ಯೂನಿಟ್ಟನ್ನು ರಾತ್ರಿಗೆ ಕೂಡಿಡುವ ಬ್ಯಾಟರಿಯ ಬೆಲೆಗಿಂತ ಹೊಸ ಫ್ಯಾನುಗಳೇ ಎಷ್ಟೋ ಅಗ್ಗ. ಹಳೇ ಫ್ಯಾನು ಇಟ್ಟುಕೊಂಡು ದೊಡ್ಡ ಬ್ಯಾಟರಿ ತರುವುದು ನಷ್ಟದ ಬಾಬತ್ತು.

ಐದು ಎಲ್‌ಇಡಿ ಬಲ್ಬು, ಟಿವಿ, ಮೊಬೈಲ್ ಈ ಫ್ಯಾನುಗಳ ಜೊತೆ ಸೇರಿದರೆ ಸುಮಾರು 1.3 ಯೂನಿಟ್ ಆಯಿತು. ಇದಕ್ಕೆ ಇನ್ವರ್ಟರ್ ಸುಮ್ಮನೆ ಆನ್ ಇದ್ದಾಗ ತಿನ್ನುವುದನ್ನೂ ಸೇರಿಸಬೇಕು, ಬಹಳ ಮಂದಿ ಇದನ್ನು ಮರೆಯುತ್ತಾರೆ. 20 ವ್ಯಾಟ್ ಎಂದರೂ 24 ತಾಸಿಗೆ ಅರ್ಧ ಯೂನಿಟ್! ಒಟ್ಟು 1.8. ದಿನಕ್ಕೆ 5 ತಾಸು ಪೂರ್ತಿ ಬಿಸಿಲು, ಎಲ್ಲ ನಷ್ಟ ಕಳೆದು 65% ಕೈಗೆ ಬರುತ್ತದೆ ಎಂದರೆ 550 ವ್ಯಾಟ್ ಪ್ಯಾನೆಲ್ ಬೇಕು. ಮಳೆಗಾಲದ ಮೋಡಕ್ಕಾಗಿ ನಾವು 540 ವ್ಯಾಟಿನ ಎರಡು ಹಾಕುತ್ತೇವೆ.

ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಗೆ ಅಳೆದದ್ದು. ಏಪ್ರಿಲ್ ಮಧ್ಯಾಹ್ನ ಸೆಲ್ಲಿನ ಬಿಸಿ 65 ಡಿಗ್ರಿ ಮುಟ್ಟುತ್ತದೆ, ಏರಿದ ಪ್ರತಿ ಡಿಗ್ರಿಗೆ 0.35% ನಷ್ಟ ಹಿಡಿದರೆ 14% ಅಲ್ಲೇ ಹೋಯಿತು. ವೋಲ್ಟೇಜ್ ಇಳಿಯುವುದು ಇದಕ್ಕಿಂತ ದೊಡ್ಡ ತೊಂದರೆ. 36 ಸೆಲ್ಲಿನ ಹಳೇ ಪ್ಯಾನೆಲ್ 18 ವೋಲ್ಟ್ ಕೊಡುವುದು ತಣ್ಣಗಿದ್ದಾಗ. ಬಿಸಿಲಲ್ಲಿ 15ರ ಹತ್ತಿರಕ್ಕೆ ಬರುತ್ತದೆ. 12 ವೋಲ್ಟಿನ ಬ್ಯಾಟರಿ ತುಂಬಲು 14.4 ಬೇಕು. ನಡುವೆ ಉದ್ದನೆಯ ಸಣ್ಣ ವೈರಿದ್ದರೆ ಬ್ಯಾಟರಿ ಎಂದಿಗೂ ತುಂಬುವುದಿಲ್ಲ, "ಇಷ್ಟು ಬಿಸಿಲಿದ್ದರೂ ಚಾರ್ಜ್ ಆಗವಲ್ದು" ಎಂಬ ದೂರು ಬರುವುದು ಇಲ್ಲಿಂದಲೇ. 540 ವ್ಯಾಟಿನ ಪ್ಯಾನೆಲ್ಲಿಗೆ ಈ ಕಾಟವಿಲ್ಲ, ಆದರೆ ಎಂಪಿಪಿಟಿ ಕಂಟ್ರೋಲರೇ (ಪ್ಯಾನೆಲ್ಲಿನ ಹೆಚ್ಚಿನ ವೋಲ್ಟನ್ನು ಹಾಳು ಮಾಡದೆ ಬ್ಯಾಟರಿಗೆ ಹೊಂದಿಸುವ ಚಾರ್ಜರ್) ಬೇಕು. ಸಾದಾ ಪಿಡಬ್ಲ್ಯುಎಂ ಕಂಟ್ರೋಲರ್ ಹಾಕಿದರೆ ಪ್ಯಾನೆಲ್ಲಿನ 41 ವೋಲ್ಟನ್ನು 24 ವೋಲ್ಟಿನ ಬ್ಯಾಟರಿಯ 27ಕ್ಕೆ ಎಳೆದು ಮೂರನೇ ಒಂದು ಭಾಗ ಹಾಳು ಮಾಡುತ್ತದೆ. ಪ್ಯಾನೆಲ್ಲನ್ನು ತಗಡಿಗೆ ಅಂಟಿಸಿ ಕೂಡಿಸಬೇಡಿ, ಕೆಳಗೆ ಒಂದು ಗೇಣಾದರೂ ಗಾಳಿ ಆಡಲಿ.

ನಿಜವಾದ ಖರ್ಚು ಬ್ಯಾಟರಿ. 150 ಎಎಚ್‌ನ (ಆಂಪಿಯರ್ ಅವರ್) 12 ವೋಲ್ಟಿನ ಎರಡು ಟ್ಯೂಬುಲರ್ (ನೀರು ಹಾಕುವ ಲೆಡ್ ಆಸಿಡ್) ಬ್ಯಾಟರಿ ಸೇರಿ 24 ವೋಲ್ಟ್, ಒಟ್ಟು 3.6 ಯೂನಿಟ್, ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಬೆಲೆ ಸುಮಾರು 32,000. 25 ಡಿಗ್ರಿಯಿಂದ ಪ್ರತಿ 10 ಡಿಗ್ರಿ ಏರಿಕೆಗೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ರಾತ್ರಿಗೆ 1.3 ಯೂನಿಟ್ ತೆಗೆದರೆ, ಮೂರೇ ವರ್ಷಕ್ಕೆ ಸತ್ತ ಬ್ಯಾಟರಿಯಲ್ಲಿ ಯೂನಿಟ್ಟಿಗೆ 22 ರೂಪಾಯಿ ಬೀಳುತ್ತದೆ. ಐದು ವರ್ಷ ಉಳಿಸಿಕೊಂಡರೆ 13.50. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 45,000 ಆದರೂ ಎಂಟು ವರ್ಷಕ್ಕೆ ಹಂಚಿದರೆ 12ರ ಆಸುಪಾಸು. ತಂಪು ಜಾಗ ಇದ್ದು, ಬ್ಯಾಟರಿ ನೀರು ನೋಡಿಕೊಳ್ಳುವವರಿದ್ದರೆ ಟ್ಯೂಬುಲರ್ ಸಾಕು. ಇಲ್ಲದಿದ್ದರೆ ಲಿಥಿಯಂ. ಅದನ್ನೂ ತಗಡಿನ ಸೂರಿನ ಕೆಳಗೆ ಇಡುವಂತಿಲ್ಲ, ಬಿಸಿ ಮಿತಿ ದಾಟಿದರೆ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ನಡುಮಧ್ಯಾಹ್ನವೇ ಚಾರ್ಜ್ ನಿಲ್ಲಿಸಿಬಿಡುತ್ತದೆ.

ಕಂಟ್ರೋಲರ್ ಜೊತೆ ಟೆಂಪರೇಚರ್ ಸೆನ್ಸರಿನ ಸಣ್ಣ ವೈರು ಬಂದಿದ್ದರೆ ಅದರ ತುದಿಯನ್ನು ಬ್ಯಾಟರಿಯ ಪಕ್ಕಕ್ಕೆ ಟೇಪ್ ಹಾಕಿ ಅಂಟಿಸಿ. ಅನೇಕ ಕಡೆ ಅದು ಡಬ್ಬಿಯಿಂದ ಹೊರಗೇ ಬಂದಿರುವುದಿಲ್ಲ. ಆ ಸೆನ್ಸರ್ ನೋಡಿಯೇ ಬ್ಯಾಟರಿ 40 ಡಿಗ್ರಿ ಇದ್ದಾಗ 28.8 ವೋಲ್ಟ್ ಬದಲು 28.1ಕ್ಕೆ ಚಾರ್ಜ್ ನಿಲ್ಲಬೇಕು. ನಿಲ್ಲದಿದ್ದರೆ ನೀರು ಕುದಿದು ಪ್ಲೇಟು ಸವೆಯುತ್ತದೆ.

ನಾಲ್ಕು ಮನೆ ಅಕ್ಕಪಕ್ಕ ಇದ್ದರೆ ಒಂದೇ ಇನ್ವರ್ಟರ್ ಹಾಕಿಸುವುದು ಲಾಭ. ಬೇರೆ ಬೇರೆ ಇಟ್ಟರೆ ಸುಮ್ಮನೆ ತಿನ್ನುವುದೇ ದಿನಕ್ಕೆ ಸುಮಾರು 2 ಯೂನಿಟ್, 30 ವ್ಯಾಟ್ ತಿನ್ನುವ ಒಂದೇ ದೊಡ್ಡದಾದರೆ 0.7. ಮನೆಗಳಿಗೆ 24 ವೋಲ್ಟ್ ಎಳೆಯಬೇಡಿ: 4 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 30 ಮೀಟರ್ ದೂರಕ್ಕೆ 10 ಆಂಪಿಯರ್ ಹರಿದರೆ 2.7 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 230 ವೋಲ್ಟಿನಲ್ಲೇ ಕಳಿಸಿ, ಮನೆಗೊಂದು ಸಬ್ ಮೀಟರ್ ಇಡಿ. ಮೀಟರ್ ಇಲ್ಲದ ಕಡೆ ಫ್ರಿಜ್ ತಂದವರ ಮೇಲೆ ಜಗಳ ಶುರುವಾಗುತ್ತದೆ. ಮನೆ ಸೋಲಾರಿಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯ ಘರ್ ಸಹಾಯಧನ ಗ್ರಿಡ್‌ಗೆ ಜೋಡಿಸಿದ ಘಟಕಗಳಿಗೆ ಮಾತ್ರ, ಆ ದುಡ್ಡನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ.